ನಾಲ್ಕನೇ ಕಲಂ

ಐವತ್ತನಾಲ್ಕರ ಬೇಸಿಗೆ. ಯುನ್ನಾನಿನ ಗುಡ್ಡ ಹತ್ತಿದೆವು,
ಎರಡು ಹೇಸರಗತ್ತೆ, ಒಬ್ಬ ದುಭಾಷಿ,
ತಗಡಿನ ಪೆಟ್ಟಿಗೆ ತುಂಬ ಅಚ್ಚಾದ ನಮೂನೆ.
ಹೆಸರು, ವಯಸ್ಸು, ಮನೆಯಲ್ಲೆಷ್ಟು ಬಾಯಿ,
ಮೂರು ಕಲಂ ಸಲೀಸು.
ನಾಲ್ಕನೆಯದಕ್ಕೆ ಬಂದರೆ ದುಭಾಷಿ ಕೆಮ್ಮುತ್ತಿದ್ದ:
ಯಾವ ಜನಾಂಗ?

ಉತ್ತರಗಳಿಗೇನು ಬರವೇ.
ನಾವು ಉಪ್ಪಿನ ಬಾವಿಯವರು, ಅಂದನೊಬ್ಬ.
ನಾವು ಹೊಳೆಯ ಈಚೆಯವರು, ಇನ್ನೊಬ್ಬ.
ಆಚೆಯವರು?
ಥೂ, ಅವರು ಬೇರೆ.
ಕುರುಡು ಮುದುಕನೊಬ್ಬ ವಂಶ ಹೇಳತೊಡಗಿದ,
ಅಪ್ಪನ ಹೆಸರಿನ ಬಾಲವೇ ಮಗನ ಹೆಸರಿನ ತಲೆ,
ಇಪ್ಪತ್ತೆಂಟು ತಲೆ ಎಣಿಸಿ, ನೀರು ಕೇಳಿ ಕುಡಿದು,
ಇಷ್ಟು ಸಾಕೋ ಅಂದ.
ಕಲಮಿನ ಅಗಲ ಎರಡು ಬೆರಳು.

ರಾತ್ರಿ ಎಣ್ಣೆದೀಪದ ಕೆಳಗೆ
ನಮ್ಮ ಮುಖ್ಯಸ್ಥ ಕುವಾಂಗ್ ರುಲಿನ್ ಪದಪಟ್ಟಿ ಬಿಚ್ಚುವನು:
ಸೂರ್ಯ, ಕಿವಿ, ನೀರು, ಹೇನು.
ಎರಡೂರಿನ ಹೇನು ಒಂದೇ ಸದ್ದು ಮಾಡಿದರೆ
ಎರಡೂರೂ ಒಂದು.
ಹೇನಿನ ದಯದಿಂದ ಆ ವಾರ
ಹನ್ನೊಂದು ಜನಾಂಗ ಕರಗಿ ಎರಡಾದವು.

ಉಗಾ ಎಂಬಾಕೆ ಮಾತ್ರ
ತೊಡೆಯ ಮೇಲೆ ಸೆಣಬು ಹೊಸೆಯುತ್ತ
ತಲೆಯೆತ್ತದೆ ಕೇಳಿದಳು: ಇವನು ಯಾರವನು?
ಹಾನ್, ಅಂದೆ. ದುಭಾಷಿ ಬೇಕಾಗಲಿಲ್ಲ.
ಯಾವಾಗಿನಿಂದ?
ದುಭಾಷಿ ನಕ್ಕ.
ನನಗೆ ನಗು ಬರಲಿಲ್ಲ.

ಯಾಕೆಂದರೆ ನನಗೆ ದಿನ ನೆನಪಿದೆ.
ವೆನ್‌ಝೌ ಕಡೆಯ ಊರು. ನನಗೆ ಏಳು ವರ್ಷ.
ಮೇಷ್ಟ್ರು ಹಲಗೆಯ ಮೇಲೆ ಒಂದು ಅಕ್ಷರ ಬರೆದು
ಇದು ನೀವು, ಅಂದರು.
ನಾನು ತಿರುಗಿ ನೋಡಿದೆ, ಹಿಂದೆ ಯಾರಾದರೂ ಇದ್ದಾರೇನೋ ಅಂತ.
ಅಲ್ಲಿಯವರೆಗೆ ನಾವು ಕೆಳಸೇತುವೆಯವರು.
ಮೇಲ್ಸೇತುವೆಯವರ ಮಾತನ್ನು ಅಜ್ಜಿ
ಹಕ್ಕಿಗಳ ಜಗಳ ಎನ್ನುತ್ತಿದ್ದಳು.
ಸಿಪಾಯಿಗಳು ಕತ್ತರಿಸಿದ ತನ್ನ ಜಡೆಯನ್ನು
ಅಜ್ಜ ಚಹಾದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ.
ಅದು ಗುಲಾಮರ ಗುರುತು, ನಾನು ಶಾಲೆಯ ಪಾಠ ಒಪ್ಪಿಸಿದೆ.
ನಮ್ಮಪ್ಪ ದಿನಾ ಬೆಳಿಗ್ಗೆ ಹೆಣೆಯುತ್ತಿದ್ದ ಕಣೋ, ಅಂದ,
ಡಬ್ಬಿ ಮುಚ್ಚಿದ.

ಗೋಡೆಯ ಮೇಲೆ ನಕ್ಷೆ: ಹುಳ ಅಂಚು ತಿಂದ ಎಲೆ.
ಷೆನ್ಯಾಂಗ್ ಹೋಯಿತು ಎಂಬ ಸುದ್ದಿ ಬಂದ ದಿನ
ಮೇಷ್ಟ್ರು ಸೀಮೆಸುಣ್ಣದ ಕೈಯಲ್ಲೇ ಮುಖ ಮುಚ್ಚಿ ಅತ್ತರು.
ನಾವು ನಲವತ್ತು ಹುಡುಗರೂ ಅತ್ತೆವು,
ಸಂತೆಯಾಚೆ ಕಾಲಿಡದವರು,
ಷೆನ್ಯಾಂಗ್ ಯಾವ ದಿಕ್ಕಿಗೋ ಅರಿಯದವರು.
ಆ ಅಳು ಸುಳ್ಳಾಗಿರಲಿಲ್ಲ.
ಇವತ್ತಿಗೂ ನೆನೆದರೆ ಗಂಟಲು ಬಿಗಿಯುತ್ತದೆ.
ಇದನ್ನು ಹೆಣೆದದ್ದು ಹೌದು, ಯಾರೋ ಹೆಣೆದದ್ದೇ,
ಆದರೆ ಕತ್ತರಿಸಿದರೆ ನೋಯುತ್ತದೆ.

ಇದನ್ನೆಲ್ಲ ಉಗಾಳಿಗೆ ಹೇಳಲಿಲ್ಲ.
ಪೆನ್ಸಿಲ್ಲಿಗೆ ಎಂಜಲು ಹಚ್ಚುತ್ತ ಕೂತೆ.
ಕೊನೆಗೆ ಅವಳೇ ಕನಿಕರಿಸಿದಳು:
ನಿನಗೆ ಯಾವುದು ಸುಲಭವೋ ಬರಕೋ.
ಹೊಳೆಯಾಚೆಯವರ ಜೊತೆ ಮಾತ್ರ ಸೇರಿಸಬೇಡ.

ಕುನ್ಮಿಂಗಿನ ಕಚೇರಿಯಲ್ಲಿ
ಪೆನ್ಸಿಲ್ಲಿನ ಮೇಲೆ ಶಾಯಿ ಹಾಯಿಸಿದೆವು.
ಸೇರಿಸಿದೆವು.

ಮೂವತ್ತು ವರ್ಷದ ಮೇಲೆ, ನಿವೃತ್ತಿಯ ಹಿಂದಿನ ಶರತ್ಕಾಲ,
ರಾಷ್ಟ್ರೀಯ ದಿನದ ಮೆರವಣಿಗೆ ನೋಡಲು ನಿಂತಿದ್ದೆ.
ಆ ಗುಡ್ಡದ ಹುಡುಗಿಯರು ಬಂದರು,
ಈಚೆಯವರು ಆಚೆಯವರು ಒಂದೇ ಬಣ್ಣದ ಲಂಗ ಉಟ್ಟು,
ನಾನು ಶಾಯಿಯಲ್ಲಿ ಬರೆದ ಹೆಸರನ್ನು
ಬಟ್ಟೆಯ ಮೇಲೆ ಕಸೂತಿ ಹಾಕಿ ಎತ್ತಿ ಹಿಡಿದು.
ಒಬ್ಬಳ ಕಣ್ಣು ತುಂಬಿತ್ತು.
ಅದೂ ಸುಳ್ಳಲ್ಲ, ನನಗೆ ಗೊತ್ತು.

ಆಮೇಲೆ ಸೋಡಾ ಅಂಗಡಿಯ ಹತ್ತಿರ ಅವಳೇ ಸಿಕ್ಕಳು.
ಏನು ಕೇಳಬೇಕೆಂದು ತೋಚದೆ ಕೇಳಿದೆ:
ಮಗು, ಹೇನಿಗೆ ನಿಮ್ಮಲ್ಲಿ ಏನಂತಾರೆ?
ಬಿದ್ದು ಬಿದ್ದು ನಕ್ಕಳು. ಗೆಳತಿಯ ಕಡೆ ನೋಡಿದಳು.
ಆಮೇಲೆ ಹೇಳಿದಳು, ಶಾಲೆಯಲ್ಲಿ ಕಲಿತ ಹಾಗೆ,
ಬೀಜಿಂಗಿನ ಉಚ್ಚಾರದಲ್ಲಿ,
ನನ್ನದಕ್ಕಿಂತ ಶುದ್ಧವಾಗಿ.