ಬಾಯಿ ಬಿಡಬಾರದು

ಡುಲೂತಿನಿಂದ ಕಳಿಸಲು ಅಕ್ಟೋಬರಿನ ಎರಡೇ ವಾರ.
ಅದಕ್ಕೂ ಮುಂಚೆಯಾದರೆ ಟೂಸಾನಿನ ಬಿಸಿಲು
ಲಾರಿಯೊಳಗೇ ಬಿಯರನ್ನು ಕಷಾಯ ಮಾಡುತ್ತದೆ.
ತಡವಾದರೆ ನಮ್ಮ ಚಳಿ,
ಯಾವುದೋ ಗೋದಾಮಿನಲ್ಲಿ ಅದನ್ನು ಹೆಪ್ಪುಗಟ್ಟಿಸಿ
ಗಾಜನ್ನು ಒಳಗಿನಿಂದಲೇ ಸೀಳುತ್ತದೆ.
ಸೋಮವಾರವೇ ಹೊರಡಬೇಕು.
ಶನಿವಾರ ಭಾನುವಾರ ಬೀಗ ಹಾಕಿದ ಷೆಡ್ಡಿನಲ್ಲಿ
ಹೇಳುವವರು ಕೇಳುವವರಿಲ್ಲದೆ ಬಿದ್ದಿರಬಾರದು.

ಮೇಜಿನ ಮೇಲೆ ಆರು ಬಾಟಲಿ.
ಎರಡು ನಾನೇ ಕುದಿಸಿದ್ದು, ಸ್ಪ್ರೂಸ್ ಮರದ ಚಿಗುರು ಹಾಕಿ.
ಒಂದು ಹುಳಿ ತಿರುಗಿದೆ, ಅವನಿಗೆ ಅದೇ ಬೇಕು.
ಮುಚ್ಚಳಕ್ಕೆ ಟೇಪು,
ಪ್ಲಾಸ್ಟಿಕ್ ಚೀಲ, ಅದರ ಮೇಲೊಂದು ಚೀಲ,
ಆಮೇಲೆ ಕಾಲುಚೀಲ.
ಹೌದು, ಕಾಲುಚೀಲವೇ. ದಪ್ಪ ಉಣ್ಣೆಯದು.
ಅದಿರು ತುಂಬುವ ಹಡಗುಕಟ್ಟೆಯಲ್ಲಿ
ಇಪ್ಪತ್ತೆರಡು ವರ್ಷ ವೈರು ಎಳೆದವಳ ಕಾಲುಚೀಲ.
ಒಗೆದದ್ದು, ರುಫೀನೋ, ಹೆದರಬೇಡ.

ಜೋಡಿಯಲ್ಲಿ ಒಂದನ್ನು ಮಾತ್ರ ಕಳಿಸುತ್ತೇನೆ.
ಅವನ ಬಾಟಲಿಗಳ ಜೊತೆ ಅದು ವಾಪಸು ಬರಬೇಕು.
ಬರದಿದ್ದರೆ ನನ್ನದೊಂದು ಕಾಲು
ಚಳಿಗಾಲವಿಡೀ ಅವನನ್ನು ಬೈಯುತ್ತದೆ.

ಹನ್ನೊಂದು ವರ್ಷವಾಯಿತು, ಮುಖ ನೋಡಿಲ್ಲ.
ಕೈಬರಹ ಗೊತ್ತು:
‘ಈ ಬದಿ ಮೇಲೆ’ ಎಂದು ದೊಡ್ಡದಾಗಿ ಬರೆದು
ಪಕ್ಕದಲ್ಲಿ ಬಾಣವನ್ನು ಅಡ್ಡಡ್ಡ ಎಳೆಯುವ ಕೈ.

ಅಂಚೆ ಕಚೇರಿಯಲ್ಲಿ ಮಾರ್ಲಿಸ್ ಕೇಳುತ್ತಾಳೆ,
“ಒಳಗೇನು?”
“ಯೀಸ್ಟಿನ ಮಾದರಿ.”
ಪೂರ್ತಿ ಸುಳ್ಳೇನಲ್ಲ,
ಪ್ರತಿ ಬಾಟಲಿಯ ತಳದಲ್ಲೂ ಒಂದು ಚಿಟಿಕೆ ಮಲಗಿದೆ.
ಅವಳು ಪೆಟ್ಟಿಗೆಯನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ,
ನನ್ನ ಮುಖವನ್ನೇ ನೋಡುತ್ತಾ.
ಆ ಗಳಿಗೆಯಲ್ಲಿ
ಬಾಟಲಿ ಬಾಯಿ ಬಿಡಬಾರದು,
ನಾನೂ ಬಿಡಬಾರದು.

ಹೋದ ವರ್ಷ ಒಂದು ಬಿಟ್ಟಿತು.
ಎಲ್ಲಿ ಎಂದು ಗೊತ್ತಿಲ್ಲ, ಕಾನ್ಸಾಸ್ ಇರಬಹುದು.
ಟೂಸಾನ್ ತಲುಪುವ ಹೊತ್ತಿಗೆ ಪೆಟ್ಟಿಗೆಯ ಮೂಲೆ ಮೆತ್ತಗಾಗಿ
ಅಂಚೆಯವನ ಚೀಲವೆಲ್ಲ ಸ್ಪ್ರೂಸ್ ಕಾಡಿನ ವಾಸನೆ.
ಅವನು ಸಿಟ್ಟಾಗಲಿಲ್ಲ.
ಚೂರುಗಳನ್ನು ಒಂದೊಂದಾಗಿ ಆಯ್ದು
ನಾನು ತುರುಕಿದ್ದ ನಮ್ಮೂರ ಪತ್ರಿಕೆಯ ಹಾಳೆಗಳನ್ನು
ಅಂಗಳದ ಹಗ್ಗದ ಮೇಲೆ ಬಟ್ಟೆಯ ಹಾಗೆ ಒಣಹಾಕಿದನಂತೆ.
ಒಣಗಿದ ಮೇಲೆ ಕೂತು ಓದಿದನಂತೆ.
ಯಾವ ಹಡಗು ಯಾವಾಗ ಬರುತ್ತದೆ, ಹಿಮ ಬಾಚುವ ಯಂತ್ರ ಮಾರಾಟಕ್ಕಿದೆ,
ಚರ್ಚಿನ ನೆಲಮಾಳಿಗೆಯಲ್ಲಿ ಮೀನೂಟ.
ಕಾರ್ಡಿನಲ್ಲಿ ಬಿಯರಿನ ಬಗ್ಗೆ ಒಂದೇ ಸಾಲು.
ಕೆಳಗೆ:
‘ಆರನೇ ಪುಟದ ಆ ನಾಯಿ ಸಿಕ್ಕಿತೇ?’

ಯಾವ ನಾಯಿ?
ನಾನು ಆ ಪುಟ ಓದಿರಲೇ ಇಲ್ಲ.
ಮುದುಡಿದ್ದೆ, ಸಂದಿಗೆ ತುರುಕಿದ್ದೆ, ಅಷ್ಟೇ.
ಗ್ರಂಥಾಲಯಕ್ಕೆ ಹೋಗಿ ಹಳೆಯ ಸಂಚಿಕೆ ತೆಗೆಸಿದೆ.
ಒಂದು ಕಿವಿ ಮಡಚಿದ ಕಂದು ನಾಯಿ, ಹೆಸರು ಟರ್ನಿಪ್.
ನಂಬರಿಗೆ ಫೋನು ಮಾಡಿದೆ.
ಒಬ್ಬ ಹುಡುಗ ಎತ್ತಿದ. ಸಿಕ್ಕಿತ್ತಂತೆ, ಯಾವತ್ತೋ,
ಪಕ್ಕದ ಮನೆಯವರ ಮಗುಚಿಟ್ಟ ದೋಣಿಯ ಕೆಳಗೆ.
“ನೀವು ಯಾರು?” ಎಂದ.
ಏನೆಂದು ಹೇಳಲಿ?
“ಅರಿಜೋನಾದಲ್ಲಿ ಒಬ್ಬರು ಕೇಳುತ್ತಿದ್ದರು,” ಎಂದೆ.

ಏಪ್ರಿಲ್ಲಿನಲ್ಲಿ ಅವನ ಪೆಟ್ಟಿಗೆ ಬಂತು, ಬಾಣ ಅಡ್ಡಡ್ಡ.
ಅದರಲ್ಲಿ ಗಾಜು ಕೊಯ್ದಿದ್ದ ನನ್ನ ಕಾಲುಚೀಲ,
ಹಿಮ್ಮಡಿಯಲ್ಲಿ ಕೆಂಪು ದಾರದ ಹೊಲಿಗೆ,
ಗಂಡಸಿನ ಹೊಲಿಗೆ, ಒರಟು, ಗಟ್ಟಿ.

ಈಗ ಒಂದೊಂದು ಹಾಳೆಯನ್ನೂ ಓದಿಯೇ ಮುದುಡುತ್ತೇನೆ.
ಅದಕ್ಕೇ ಇಷ್ಟು ಹೊತ್ತು.
ಒಡೆಯದೆ ತಲುಪಿದರೆ ಅವನು ಬಿಚ್ಚುವುದೂ ಇಲ್ಲವೋ ಏನೋ.
ಆದರೂ.
ಸೇತುವೆಯ ರಿಪೇರಿ ಇನ್ನೂ ಮುಗಿದಿಲ್ಲ, ಇದು ಅವನಿಗೆ ಇರಲಿ.
ಕಳೆದುಹೋದ ಉಂಗುರ, ಇದೂ ಇರಲಿ.

ಟೇಪು ಹಚ್ಚಿ ಪೆಟ್ಟಿಗೆಯನ್ನು ಕಿವಿಗಿಟ್ಟು ಅಲ್ಲಾಡಿಸುತ್ತೇನೆ.
ಮೇಲೆ, ಕೆಳಗೆ, ಇನ್ನೊಮ್ಮೆ.
ಸದ್ದಿಲ್ಲ.
ಬೂಟು ಹಾಕುತ್ತೇನೆ,
ಒಂದು ಕಾಲಿಗೆ ಬೂದು, ಇನ್ನೊಂದಕ್ಕೆ ಕೆಂಪು ದಾರದ್ದು.