ನಾಲ್ಕು ತಂತಿ

ಮಿಸಾಸಾ. ಬಿಸಿನೀರ ಬುಗ್ಗೆಗಳ ಊರು. ಸೇತುವೆಯಡಿ
ಮಿಂದು ಮೈ ಕೆಂಪಾದ ಮುದುಕರು ಕಲ್ಲಿನ ಮೇಲೆ ಕೂತು
ನಾಳೆಯ ಹಿಮದ ಲೆಕ್ಕ ಹಾಕುತ್ತಾರೆ.
ಗುಡ್ಡದ ಮೇಲಿನ ಪ್ರಯೋಗಶಾಲೆಯ ನೆಲಮಾಳಿಗೆಯಲ್ಲಿ
ಮಂಗಳವಾರ ಸಂಜೆಯಿಂದ ಒತ್ತುತ್ತಲೇ ಇದೆ
ಎರಡಾಳೆತ್ತರದ ಹಸಿರು ಯಂತ್ರ.

ಒತ್ತಿಸಿಕೊಳ್ಳುತ್ತಿರುವುದು ಎಷ್ಟು? ಎಳ್ಳಿನಲ್ಲಿ ಅರ್ಧ.
ಕಬ್ಬಿಣ; ನೂರಕ್ಕೆ ಎಂಟು ಪಾಲು ಸಿಲಿಕಾನ್ ಬೆರೆತದ್ದು.
ಬುಧಗ್ರಹದ ಎದೆಯೊಳಗೆ ಇಂಥದ್ದೇ ಇದ್ದೀತೆಂಬ ಗುಮಾನಿ.
ಕಬ್ಬಿಣದ ಕಡಲೆ ಅನ್ನುತ್ತೇವೆ ನಾವು, ಹಲ್ಲಿಗೆ ಬಗ್ಗದ್ದಕ್ಕೆ.
ಇಲ್ಲಿ ಹಲ್ಲೇ ಎಂಟು: ಟಂಗ್‌ಸ್ಟನ್ ಕಾರ್ಬೈಡಿನ ಘನಗಳು,
ಒಂದೊಂದು ಮೂಲೆ ಸವರಿ, ಮುಖಕ್ಕೆ ಮುಖ ಕೊಟ್ಟು,
ನಡುವಿನ ಕಾಳನ್ನು ಅಗಿಯದೆ
ಸುಮ್ಮನೆ ಕಚ್ಚಿ ಹಿಡಿದಿವೆ.

ಮೂಲೆ ಸವರಿದವನು ಕುಸುನೊಕಿ ಇಸಾಕು.
ಸಾಣೆಯ ಮುಂದೆ ಮೂವತ್ತೊಂದು ವರ್ಷ.
ಎಡಗಿವಿ ಕೇಳುವುದಿಲ್ಲ. ಹೀಗೇ ಒಂದು ರಾತ್ರಿ
ಒತ್ತಡ ಸಂದಿ ಹುಡುಕಿ ಸಿಡಿದಾಗ
ಒಳಗೆ ಹೋದ ಸದ್ದು ಇನ್ನೂ ಹೊರಗೆ ಬಂದಿಲ್ಲ, ಅನ್ನುತ್ತಾನೆ.

ತಂತಿ ಕೂರಿಸಿದವಳು ಚಿಯೊರಿ.
ಸೂಕ್ಷ್ಮದರ್ಶಕದ ಕೆಳಗೆ, ಉಸಿರು ಬಿಗಿಹಿಡಿದು, ನಾಲ್ಕು:
ಎರಡು ಆಡುವುದಕ್ಕೆ, ಎರಡು ಕೇಳುವುದಕ್ಕೆ.
ಆಡುವ ತಂತಿಯೇ ಕೇಳಹೊರಟರೆ
ತನ್ನ ಗೊಣಗಾಟವನ್ನೇ ಕಬ್ಬಿಣದ ಮಾತೆಂದು ಬರೆಸೀತು.
"ನನ್ನ ಹೆಂಡತಿಯ ತಮ್ಮನ ಹಾಗೆ" ಅಂದಿದ್ದ ಇಸಾಕು.

ಮೊದಲು ಒತ್ತಡ. ತುಂಬಿದ ರೈಲಿನಲ್ಲಿ
ಅಲುಗಲು ಜಾಗವಿಲ್ಲದವರ ಹಾಗೆ
ಪರಮಾಣುಗಳು ನಡುಕ ಬಿಟ್ಟು ನಿಂತವು.
ಎಲೆಕ್ಟ್ರಾನು ನುಸುಳಿ ನುಸುಳಿ ದಾಟಿತು. ಗೆರೆ ಇಳಿಯಿತು.
ಆಮೇಲೆ ಬಿಸಿ. ಮತ್ತೆ ನಡುಕ, ಮತ್ತೆ ಡಿಕ್ಕಿ; ಗೆರೆ ಏರಿತು,
ಏರಿತು, ಸಾವಿರದ ಮುನ್ನೂರು ಡಿಗ್ರಿ ದಾಟಿದ್ದೇ
ಏರುವುದನ್ನು ಮರೆತು ಮಲಗಿಬಿಟ್ಟಿತು.

ಬುಧವಾರ ಹುಟ್ಟಿ ಮೂರೂವರೆ ಗಂಟೆ.
(ಅವರ ಭಾಷೆಯಲ್ಲೂ ಅದು ಬುಧನದೇ ವಾರ.)
ತಂತಿ ಹರಿಯಿತೆ? ಚಿಯೊರಿ
ಪ್ರವಾಹದ ದಿಕ್ಕು ತಿರುವಿದಳು, ಎರಡು ಸಲ.
ಗೆರೆ ಮಲಗಿಯೇ ಇತ್ತು.

ಆಗ ಮೆಟ್ಟಿಲಲ್ಲಿ ಇಸಾಕು. ಸವೆದ ಮಂಡಿ.
ನಲವತ್ತೆರಡು ಮೆಟ್ಟಿಲು, ಒಂದೊಂದಕ್ಕೂ ಒಂದು ನಿಲುಗಡೆ.
ಒಂದು ಕೈಯಲ್ಲಿ ಕೊನೆ ಕೊಯ್ಲಿನ ಪಿಯರ್ ಹಣ್ಣು,
ಇನ್ನೊಂದರಲ್ಲಿ ಚಹಾದ ಫ್ಲಾಸ್ಕು, ಹೆಗಲಿಗೆ ಸಲಕರಣೆಯ ಚೀಲ.
ಮೊನ್ನೆ ಬರಿಗೈಯಲ್ಲಿ ಇಳಿದಾಗಲೂ
ಇಷ್ಟೇ ಹೊತ್ತು ಹಿಡಿದಿತ್ತಲ್ಲ?
ಅವಳು ಎಣಿಸುತ್ತ ನಿಂತಳು.
ಹೆಜ್ಜೆಹೆಜ್ಜೆಗೂ ನಿಲ್ಲುವವನನ್ನು
ಇನ್ನು ಎಲ್ಲಿ ಅಂತ ನಿಲ್ಲಿಸುವುದು?
ಪರಮಾಣುವಿಗೊಂದು ಎಡವು. ಅದಕ್ಕಿಂತ ಹೆಚ್ಚು
ಎಡವಲು ನಡುವೆ ದಾರಿಯೇ ಇಲ್ಲ.

ಅವಳು ನಕ್ಕಳು. ಅವನು ಬಲಗಿವಿ ಮುಂದೆ ಮಾಡಿದ.
ಏನಂತಂತೆ?
ನಾವು ಅಂದುಕೊಂಡಷ್ಟು ತಡೆಯುವುದಿಲ್ಲವಂತೆ.
ಅಷ್ಟು ದೊಡ್ಡ ಕಬ್ಬಿಣದ ಎದೆ, ಅಷ್ಟು ಬಡ ಅಯಸ್ಕಾಂತ:
ಕಾವು ಕುದಿದು ತಿರುಗದೆ, ಸದ್ದಿಲ್ಲದೆ
ಲೋಹದೊಳಗಿಂದಲೇ ಸೋರಿಹೋಗುತ್ತಿರಬಹುದು.
ಇರಬಹುದು. ಅವಳ ಪುಸ್ತಕದಲ್ಲೂ ಹಾಗೇ ಇದೆ,
'ಇರಬಹುದು', ಅಡಿಗೆರೆ ಎಳೆದು.

ಒತ್ತಡ ಇಳಿಯಲು ಇನ್ನು ಹದಿನಾಲ್ಕು ಗಂಟೆ.
ಹೆಚ್ಚಿನವು ಸಿಡಿಯುವುದು ಇಳಿಯುವಾಗಲೇ.
ಇಬ್ಬರೂ ಹಣ್ಣು ಹೆರೆದರು. ಸಿಪ್ಪೆ ಎಲ್ಲೂ ತುಂಡಾಗದೆ
ಅವನ ಚಾಕುವಿನಿಂದ ಮಂಡಿಯವರೆಗೆ ಇಳಿದಿತ್ತು.

ಸಂಜೆ ಬಾಗಿಲು ತೆರೆದರು. ಎಳ್ಳರ್ಧ ಹಾಗೇ ಇತ್ತು,
ತಂತಿ ನಾಲ್ಕೂ ಅಂಟಿಕೊಂಡು. ಹೊರಗೆ ಹಿಮ ಹಿಡಿದಿತ್ತು.
ಇಸಾಕು ಘನಗಳನ್ನು ಒಂದೊಂದಾಗಿ ಬೆರಳಲ್ಲಿ ತಟ್ಟಿ,
ಬಲಗಿವಿಗೆ ಹಿಡಿದು ಕೇಳಿ, ತನ್ನ ಪುಸ್ತಕದಲ್ಲಿ ಬರೆದ:
ಬುಧವಾರ. ಎರಡು ಹೋದವು. ಆರು ಇವೆ.