ಚೀಲದ ತೂಕ

ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ತೂಕ ಬರೆಯುವವಳು ನಾನು.
ಚೀಲ ಎತ್ತಿಡುವವರು ಬೇರೆ. ಮುಳ್ಳು ನಿಂತ ಕಡೆ
ಕಣ್ಣು ನೆಡುವುದಷ್ಟೇ ನನ್ನದು. ಹತ್ತೊಂಬತ್ತು ವರ್ಷ,
ಪುಟ್ಟಗೌರಿಯ ಅಂಕಿಯನ್ನು ಯಾರೂ ಅನುಮಾನಿಸಿಲ್ಲ.

ಆದರೆ ಸ್ಟೇಷನ್ನಿನ ಮೇಲ್ಸೇತುವೆ ಕಂಡರೆ
ಮೊಣಕಾಲು ನೆನೆದ ಗೋಣಿ.

ಮಾಲೇಕಲ್ಲಿನ ಬೆಟ್ಟ ಬರಿಗಾಲಲ್ಲಿ ಹತ್ತಿದವಳು.
ಅಲ್ಲಿ ಮೆಟ್ಟಿಲ ಕೆಳಗೆ ಕಲ್ಲಿದೆ, ಕಲ್ಲಿನ ಕೆಳಗೆ ಭೂಮಿ.
ಇಲ್ಲಿ ಹಲಗೆಯ ಸಂದಿಯಲ್ಲಿ ಇಣುಕಿದರೆ ಗಾಳಿ,
ಗಾಳಿಯ ಕೆಳಗೆ ಹಳಿ.
ಯಾವಾಗ ಶುರುವಾಯ್ತೆಂದು ಕೇಳಬೇಡಿ.
ನಾನು ಬಿದ್ದಿಲ್ಲ, ಬಿದ್ದವರನ್ನು ಕಂಡಿಲ್ಲ.
ಅವ್ವ ಅಂತ್ರ ಕಟ್ಟಿಸಿದಳು; ದಾರ ಹರಿಯಿತು, ಅಷ್ಟೇ.
ದೂರದ ಗೇಟಿನವರೆಗೆ ಸುತ್ತಿ ಹೋಗಿ
ದಿನಾ ಮುಕ್ಕಾಲು ಗಂಟೆ ದಂಡ.
ಒಮ್ಮೆ ಹಳಿ ದಾಟಿ ಸಿಕ್ಕಿಬಿದ್ದು ನಿಜವಾದ ದಂಡ.
ರಸೀದಿ ಇನ್ನೂ ಇದೆ.

ನರ್ಸು ಜಬೀನಾ ತೋಳಿನ ಬಿಪಿ ಪಟ್ಟಿ ಬಿಚ್ಚುತ್ತಾ ಹೇಳಿದಳು:
ಹೆದರಬೇಡ ಅನ್ನಲ್ಲ ಅಕ್ಕ. ಹೆದರು. ಆದರೆ ತೂಗು.
ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಅಂತ ಬರಿ.
ಇಳಿಯೋ ತನಕ ನಿಂತ ಕಡೆಯೇ ನಿಂತಿರು.
ಇಳಿಯಬೇಕಾದ್ದು ನೀನಲ್ಲ, ಅದು.

ತೂಗುವುದಾದರೆ ನನಗೆ ಬರುತ್ತದೆ.

ಹಳೇ ಚೀಟಿಪುಸ್ತಕದ ಬೆನ್ನಲ್ಲಿ ಬರೆದೆ:
ಸೋಮವಾರ. ಟೀ ಅಂಗಡಿಯಿಂದ ಸೇತುವೆ ನೋಡಿದ್ದು. ಆರು.
ಲೋಟ ಖಾಲಿಯಾಗುವಾಗ ನಾಲ್ಕು.
ಮಂಗಳವಾರ. ಮೊದಲ ಮೆಟ್ಟಿಲ ಮೇಲೆ ಚಪ್ಪಲಿ. ಏಳು.
ಚಪ್ಪಲಿಯಲ್ಲಿ ಕಾಲಿತ್ತು ಅಂತಲೂ ಬರೆದಿದ್ದೇನೆ.
ಬುಧವಾರ ರಜೆ. ಭಯಕ್ಕಲ್ಲ, ನನಗೆ.

ಒಂಬತ್ತನೇ ಮೆಟ್ಟಿಲಲ್ಲಿದ್ದಾಗ ಗೂಡ್ಸು ಬಂತು.
ಒಂದೊಂದು ಬೋಗಿಗೂ ಕಬ್ಬಿಣ ನಡುಗಿ
ನನ್ನ ಹಲ್ಲಿಗೆ ಸುದ್ದಿ ಮುಟ್ಟಿಸಿತು.
ಕೂತೆ. ಕೂತ ಹಾಗೇ ಜಾರಿ ಜಾರಿ ಇಳಿದೆ,
ನಲವತ್ತಾರು ವರ್ಷದ ಹೆಂಗಸು, ಕೂಸಿನ ಹಾಗೆ.
ಕಾಲೇಜಿನ ಹುಡುಗನೊಬ್ಬ ನಕ್ಕ.
ಇನ್ನೊಬ್ಬ ಉರುಳಿದ ಬುತ್ತಿ ಡಬ್ಬಿ ಎತ್ತಿಕೊಟ್ಟ.
ನಕ್ಕವನ ಮುಖ ಚೆನ್ನಾಗಿ ನೆನಪಿದೆ, ಕೊಟ್ಟವನದು ಇಲ್ಲ.
ಭಯದ ತಕ್ಕಡಿ ಯಾವತ್ತೂ ಮೋಸದ್ದು.

ಆ ದಿನ ಅಂಕಿಯಿಲ್ಲ.
ಮುಂದೆ ಹನ್ನೊಂದು ದಿನ ಖಾಲಿ ಹಾಳೆ.

ಮತ್ತೆ ಹೋದದ್ದು ಧೈರ್ಯ ಬಂದು ಅಲ್ಲ;
ಲೆಕ್ಕ ಅರ್ಧಕ್ಕೆ ನಿಂತರೆ ನನಗೆ ನಿದ್ದೆ ಬರುವುದಿಲ್ಲ.

ಮೂಗಲ್ಲಿ ನಾಲ್ಕೆಣಿಸಿ ಒಳಗೆ.
ಬಾಯಲ್ಲಿ ಆರೆಣಿಸಿ ಹೊರಗೆ,
ಬಿಸಿ ಅಂಬಲಿ ಆರಿಸುವ ಹಾಗೆ.
ಕಣ್ಣಿಗೆ ಬಿದ್ದದ್ದನ್ನೆಲ್ಲ ಹೆಸರಿಟ್ಟು ಕರೆ:
ನೀರಿನ ಟ್ಯಾಂಕು. ಕಾಗೆ. ಕೂಲಿಯ ಕೆಂಪಂಗಿ.
ಬೆಂಚಿನ ಮೇಲೆ ಯಾರೋ ಮರೆತ ಕನ್ನಡಕ.
ಬೀಳ್ತೀಯ, ಅಂತು ಭಯ.
ಚೀಲ ತಂದ ಪ್ರತಿಯೊಬ್ಬನೂ
ಇದು ಪೂರಾ ಕ್ವಿಂಟಾಲು ಅಂತಲೇ ಅನ್ನುತ್ತಾನೆ.
ಇಡು, ನೋಡೋಣ ಅಂದೆ.

ನಡುಸೇತುವೆ. ಒಂಬತ್ತು.
ಕಾಲಡಿಯಲ್ಲಿ ಶಿವಮೊಗ್ಗದ ಗಾಡಿ ನುಗ್ಗಿತು,
ಸೆರಗು ಮೇಲೆದ್ದಿತು. ಕಣ್ಣು ಮುಚ್ಚಲಿಲ್ಲ.
ಬೋಗಿಯ ನೆತ್ತಿಯ ಮೇಲೆ ಒಂದು ಹರಿದ ಗಾಳಿಪಟ
ಊರೂರು ಸುತ್ತುತ್ತಿತ್ತು, ಅದನ್ನು ಕಂಡವಳು ಬಹುಶಃ ನಾನೊಬ್ಬಳೇ.
ಎಂಟು. ಎಂಟು. ಇನ್ನೂ ಎಂಟು.
ಕೈಕಂಬಿಯ ತುಕ್ಕು ಅಂಗೈಗೆ ಹತ್ತಿತು.
ಆರು.

ಆಚೆ ಏನಿತ್ತು ಅಂತೀರಾ? ಒಂದು ನಲ್ಲಿ,
ಬಾಗಿಲು ಹಾಕಿದ ಪೇಪರಿನಂಗಡಿ.
ನೀರು ಕುಡಿದೆ. ಮತ್ತೆ ಮೆಟ್ಟಿಲು ಹತ್ತಿದೆ.
ವಾಪಸು ಬರಬೇಕಿತ್ತಲ್ಲ.

ಈಗ ದಿನಾ ದಾಟುತ್ತೇನೆ. ದಿನಾ ಎರಡು.
ಸೊನ್ನೆ ಯಾವಾಗ ಅಕ್ಕ, ಅಂದಳು ಜಬೀನಾ.
ಖಾಲಿ ಚೀಲಕ್ಕೂ ತೂಕ ಇರುತ್ತೆ ಕಣೇ,
ಅದನ್ನು ಕಳೆದೇ ನಾವು ಲೆಕ್ಕ ಬರೆಯೋದು.

ಹಾಸನದ ಆಸ್ಪತ್ರೆಯ ಲಿಫ್ಟಿನ ಸಂಗತಿ ಮಾತ್ರ ಕೇಳಬೇಡಿ.
ಅದಕ್ಕೆ ಬೇರೆ ಚೀಟಿಪುಸ್ತಕ.